ಹಳೇ ರೇಸ್ ಡಾಲ್ಫಿನ್ ಕಾರು ಮೊದಲು ಯಾರ ಕೈಯಲ್ಲಿತ್ತು? ಹುಡುಕಿದವರು ಹೇಳಿ

ತುಮಕೂರಿನಿಂದ, ಪ್ರಶ್ನೆ:
ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಸಿಪಾನಿ ಡಾಲ್ಫಿನ್ ಕಾರು ತಗೊಂಡಿದ್ದೇನೆ. ಮದ್ರಾಸ್ ಹತ್ತಿರದ ಶೋಲಾವರಂ ರೇಸಿನಲ್ಲಿ ಓಡಿದ ಗಾಡಿ ಅಂತ ಮಾರಿದವರ ಮಾತು. ಆರ್‌ಸಿ ಪುಸ್ತಕದಲ್ಲಿ ಕೊನೆಯ ಇಬ್ಬರ ಹೆಸರು ಮಾತ್ರ ಓದಲು ಬರುತ್ತದೆ. ಅದಕ್ಕೂ ಹಿಂದಿನವರನ್ನು ಪತ್ತೆ ಮಾಡುವುದು ಹೇಗೆ?

ಹಾಸನದಿಂದ:
ಸರ್, ಮೊದಲು ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ಅಂದರೆ ಅವರ ರಿಜಿಸ್ಟರ್‌ನಲ್ಲಿ ಈ ಗಾಡಿಯ ಬಗ್ಗೆ ಇರುವ ದಾಖಲೆಯ ನಕಲು. ಟ್ರಾನ್ಸ್‌ಫರ್, ಬ್ಯಾಂಕ್ ಸಾಲದ ಎಂಟ್ರಿ, ಬೇರೆ ರಾಜ್ಯಕ್ಕೆ ಎನ್‌ಒಸಿ ಕೊಟ್ಟಿದ್ದರೆ ಅದೂ ಸಿಗುತ್ತದೆ. ಸರ್ಕಾರದ ವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹೊಡೆದಾಗ ಏನೂ ಬರಲಿಲ್ಲ ಅಂತ ಕೈಬಿಡಬೇಡಿ. ಕೆಎ ನಂಬರ್ ಶುರುವಾಗುವ ಮೊದಲಿನ ಎಷ್ಟೋ ಗಾಡಿಗಳು ಕಂಪ್ಯೂಟರಿಗೆ ಏರಿಯೇ ಇಲ್ಲ, ದಪ್ಪ ರಿಜಿಸ್ಟರ್‌ನಲ್ಲೇ ಉಳಿದಿವೆ. ನಿಮ್ಮ ಸೀರೀಸ್‌ನ ರಿಜಿಸ್ಟರ್ ಈಗ ಯಾವ ಆಫೀಸಿನಲ್ಲಿದೆ ಅಂತ ಕೇಳಿಕೊಂಡು ಹೋಗಿ. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಜೊತೆಗಿರಲಿ.

ಬೆಂಗಳೂರಿನಿಂದ:
ಬಿ ಎಕ್ಸ್‌ಟ್ರಾಕ್ಟ್ ಬೇಕೇ ಬೇಕು. ಆದರೆ ರೇಸ್ ಗಾಡಿ ಅಂದಮೇಲೆ ಆರ್‌ಸಿಯಲ್ಲಿ ಒಬ್ಬರ ಹೆಸರು, ಸ್ಟೀರಿಂಗ್ ಹಿಂದೆ ಇನ್ನೊಬ್ಬರು. ದುಡ್ಡು ಹಾಕಿದ ಗೆಳೆಯ, ಗ್ಯಾರೇಜ್ ಯಜಮಾನರು, ಓಡಿಸುವವನ ಮಾವ, ಯಾರ ಹೆಸರಲ್ಲಾದರೂ ಇರಬಹುದು. ಆರ್‌ಟಿಒಗೆ ಕೊಡದೆ, ಸಹಿ ಹಾಕಿದ ಟ್ರಾನ್ಸ್‌ಫರ್ ಫಾರಂ ಮೇಲೇ ಕೈ ಬದಲಾದ ಗಾಡಿಗಳೂ ಕಡಿಮೆಯಿಲ್ಲ. ಓನರ್ ಪಟ್ಟಿ ಬೇರೆ, ಓಡಿಸಿದವರ ಪಟ್ಟಿ ಬೇರೆ ಬರೆದಿಡಿ.

ಡಾಲ್ಫಿನ್‌ನದು ಇನ್ನೊಂದು ತಾಪತ್ರಯ. ಇಂಗ್ಲೆಂಡಿನ ‘ರಿಲಯಂಟ್ ಕಿಟನ್’ ಕಾರೇ ಇಲ್ಲಿ ಡಾಲ್ಫಿನ್ ಆಗಿದ್ದು. ಕೆಳಗೆ ಕಬ್ಬಿಣದ ಚಾಸಿಸ್, ಮೇಲೆ ಫೈಬರ್ ಬಾಡಿ. ಗುದ್ದಿ ಬಾಡಿ ಒಡೆದರೆ ಬೇರೆಯದನ್ನು ಕೂರಿಸಿ ಓಡಿಸಬಹುದು. 848 ಸಿಸಿ ಎಂಜಿನ್ನೂ ಒಂದರಿಂದ ಇಳಿಸಿ ಇನ್ನೊಂದಕ್ಕೆ ಏರಿಸುವಂಥದ್ದೇ. ಹಾಗಾಗಿ ಬಾಡಿ ಮೇಲಿನ ಗುರುತನ್ನು ಪೂರ್ತಿ ನಂಬೋ ಹಾಗಿಲ್ಲ.

ನಮ್ಮ ಗಾಡಿಯ ಬಾಗಿಲನ್ನು ವಾಟರ್ ಪೇಪರ್‌ನಲ್ಲಿ ನೀರು ಬಿಡುತ್ತಾ ಉಜ್ಜಿದೆವು. ಕೆಂಪಿನ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ಬಿಳಿ ವೃತ್ತದ ಅಂಚು, ಒಳಗೆ ಕಪ್ಪು ‘7’ರ ಮೂಲೆ. ಖುಷಿಯೇನೋ ಆಯ್ತು. ಆದರೆ ರೇಸ್ ನಂಬರ್ ಒಂದೇ ಇರಲ್ಲ ಅಲ್ವಾ, ಅದೊಂದರಿಂದ ಏನೂ ಸಾಬೀತಾಗಲ್ಲ. ಕೆಲಸಕ್ಕೆ ಬಂದಿದ್ದು ಚಾಸಿಸ್. ರೋಲ್ ಕೇಜ್‌ಗೆ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟು) ವೆಲ್ಡ್ ಮಾಡಿದ ಪ್ಲೇಟುಗಳಲ್ಲಿ ಎಡಗಡೆ ಮೂರು ತೂತು, ಬಲಗಡೆ ನಾಲ್ಕು. ಜೆ.ಸಿ. ರಸ್ತೆಯ ಹಳೇ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ, ಇದು ಯಾವ ಗ್ಯಾರೇಜಿನ ಕೆಲಸ ಅಂತ ಹೇಳಿಬಿಟ್ಟರು. ಅಲ್ಲಿಂದ ಓಡಿಸಿದವರ ಮನೆ ಸಿಕ್ಕಿತು. ಪ್ರತಿ ಪದರದ ಫೋಟೊ ತೆಗೆಯದೆ ಗಾಡಿಯನ್ನು ಪೇಂಟರ್ ಕೈಗೆ ಸುಮ್ನೆ ಕೊಡಬೇಡಿ.

ಮೈಸೂರಿನಿಂದ:
ಹಳೇ ಪತ್ರಿಕೆಗಳಲ್ಲಿ ಹುಡುಕುವುದು ಅಷ್ಟೇನೂ ದೊಡ್ಡ ಕೆಲಸವಲ್ಲ. ಡಾಲ್ಫಿನ್ ಬಂದಿದ್ದು 1982ರಲ್ಲಿ. ಶೋಲಾವರಂ ಅಂದರೆ ಮದ್ರಾಸ್ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್. 1990ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂತು, ರೇಸ್ ಅಲ್ಲಿಗೆ ಹೋಯ್ತು. ನಡುವಿನ ಆ ಕೆಲವು ವರ್ಷಗಳ ಫೆಬ್ರವರಿ, ಮಾರ್ಚ್ ತಿಂಗಳ ಹಿಂದೂ ಪತ್ರಿಕೆ, ಸ್ಪೋರ್ಟ್‌ಸ್ಟಾರ್ ನೋಡಿದರೆ ಜಾಸ್ತಿ ಫಲ. ರೇಸ್ ಸಮಯದಲ್ಲಿ ಕ್ಲಬ್ ತರುತ್ತಿದ್ದ ಸ್ಮರಣ ಸಂಚಿಕೆ ಸಿಕ್ಕರೆ ಅದೃಷ್ಟ.

ಒಂದು ಮಾತು. ಕೇಜ್ ಇದ್ದ ಹಳೇ ಗಾಡಿಯನ್ನೆಲ್ಲ ‘ಶೋಲಾವರಂ ಗಾಡಿ’ ಅಂತ ಮಾರುತ್ತಾರೆ, ರೇಟ್ ಏರುತ್ತೆ ನೋಡಿ. ಡಾಲ್ಫಿನ್ ರ್‍ಯಾಲಿಯಲ್ಲೂ ಚೆನ್ನಾಗಿ ಓಡಿದೆ. ಎಂಜಿನ್ ಕೆಳಗೆ ಸಂಪ್ ಗಾರ್ಡ್ (ಕಲ್ಲು ಬಡಿಯದಂತೆ ಹಾಕುವ ಪ್ಲೇಟ್) ಬ್ರಾಕೆಟ್, ಮುಂದೆ ಎಕ್ಸ್‌ಟ್ರಾ ಲೈಟಿನ ತೂತು ಇದೆಯಾ ನೋಡಿ, ಇದ್ದರೆ ರ್‍ಯಾಲಿ ಗಾಡಿ ಇರಬಹುದು. ಮತ್ತೆ, ಬಿ ಎಕ್ಸ್‌ಟ್ರಾಕ್ಟ್‌ನಲ್ಲಿ ಬಂದ ವಿಳಾಸ ಇಲ್ಲಿ ಹಾಕಬೇಡಿ, ಆ ಮನೆಗೇ ಕಾಗದ ಬರೆಯಿರಿ. ಓನರ್ ಇಲ್ಲದಿದ್ದರೂ ಮಕ್ಕಳ ಹತ್ತಿರ ಆಲ್ಬಂ ಇರಬಹುದು.

ತುಮಕೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಹಿಡಿದು ಕೆಳಗೆ ನೋಡಿದೆ. ಸಂಪ್ ಗಾರ್ಡ್ ಬ್ರಾಕೆಟ್ ಎರಡೂ ಕಡೆ ಇದೆ! ಕರ್ನಾಟಕದ ಕೆ-1000 ರ್‍ಯಾಲಿಯ ಹಳೇ ಎಂಟ್ರಿ ಲಿಸ್ಟ್ ಯಾರ ಹತ್ತಿರವಾದರೂ ಇದೆಯಾ?