ಸಿಇಟಿ ಮಾಕ್ ಟೆಸ್ಟ್: ಭೌತಶಾಸ್ತ್ರದ ಅಂಕ ಮೂವತ್ತರ ಆಸುಪಾಸಿನಲ್ಲೇ ನಿಂತಿದೆ, ಏನು ಮಾಡಲಿ?

ಪ್ರಶ್ನೆ: ಬೇಲೂರಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಪ್ರತಿ ಭಾನುವಾರ ಬೆಳಗಿನ ಬಸ್ಸಿನಲ್ಲಿ ಬೇಲೂರಿನಿಂದ ಬಂದು, ಒಂದು ಕೋಚಿಂಗ್ ಕೇಂದ್ರದಲ್ಲಿ ಸಿಇಟಿ ಮಾದರಿಯ ಪರೀಕ್ಷೆ ಬರೆಯುತ್ತೇನೆ. ರಸಾಯನಶಾಸ್ತ್ರದಲ್ಲಿ 38 ಇದ್ದದ್ದು 44ಕ್ಕೆ ಏರಿದೆ, ಗಣಿತವೂ ನಿಧಾನವಾಗಿ ಮೇಲೇರುತ್ತಿದೆ. ಆದರೆ ಭೌತಶಾಸ್ತ್ರದಲ್ಲಿ ಕಳೆದ ನಾಲ್ಕು ವಾರಗಳ ಅಂಕಗಳು 60ಕ್ಕೆ 30, 32, 29 ಮತ್ತು 31. ಕೇಂದ್ರದವರು ಸಂಜೆ ವಾಟ್ಸ್ಆ್ಯಪ್‌ನಲ್ಲಿ ಅಂಕಪಟ್ಟಿಯನ್ನೂ ಕೀ ಉತ್ತರವನ್ನೂ ಕಳುಹಿಸುತ್ತಾರೆಯೇ ಹೊರತು, ಎಲ್ಲಿ ಎಡವಿದೆವು ಎಂಬುದನ್ನು ಕೂರಿಸಿಕೊಂಡು ಹೇಳುವವರು ಯಾರೂ ಇಲ್ಲ. ವಾರಕ್ಕೆ ಒಂದರ ಬದಲು ಎರಡು ಪರೀಕ್ಷೆ ಬರೆದರೆ ಸರಿಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದಾರೆ. ಹಾಗೆ ಮಾಡುವುದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು

ನಿಮ್ಮ ತಂದೆಯವರ ಕಾಳಜಿ ಸರಿಯಾದದ್ದೇ, ಆದರೆ ಎರಡನೆಯ ಪರೀಕ್ಷೆಗೆ ಕೊಡಬೇಕೆಂದಿರುವ ಸಮಯವನ್ನು ಬರೆದು ಮುಗಿಸಿದ ಪರೀಕ್ಷೆಗೇ ಕೊಡಿ ಎನ್ನುತ್ತೇನೆ. 31 ಎಂಬ ಅಂಕ ಕಳೆದುಹೋದ 29 ಅಂಕಗಳು ಹೇಗೆ ಹೋದವು ಎಂಬುದನ್ನು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಪ್ರಶ್ನೆಪತ್ರಿಕೆ, ನಿಮ್ಮ ಚಿತ್ತುಕಾಗದ ಮತ್ತು ಕೀ ಉತ್ತರ ಮೂರನ್ನೂ ಮುಂದಿಟ್ಟುಕೊಂಡು, ತಪ್ಪಾದ ಪ್ರತಿಯೊಂದು ಪ್ರಶ್ನೆಯ ಪಕ್ಕದಲ್ಲಿ ಕಾರಣವನ್ನು ಬರೆಯಬೇಕು. ವಿಷಯವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕದಲ್ಲಿ ಅಥವಾ ಓದುವುದರಲ್ಲಿ ತಪ್ಪಿತೋ, ಸಮಯ ಸಾಲದೆ ಕೊನೆಯಲ್ಲಿ ಕಣ್ಣುಮುಚ್ಚಿ ವೃತ್ತ ತುಂಬಿದಿರೋ ಎಂಬ ಮೂರು ಕಾರಣಗಳು ಸಾಕು. ಇದನ್ನು ಪರೀಕ್ಷೆ ಬರೆದ ದಿನವೇ ಮಾಡಬೇಕು. ಎರಡು ದಿನ ಬಿಟ್ಟರೆ ಆ ಕ್ಷಣದಲ್ಲಿ ಏನು ಯೋಚಿಸಿದ್ದಿರಿ ಎಂಬುದು ಮರೆತುಹೋಗಿ, ಎಲ್ಲ ತಪ್ಪುಗಳೂ 'ಅಜಾಗರೂಕತೆ' ಎಂಬ ಒಂದೇ ಗಂಟಿಗೆ ಸೇರಿಬಿಡುತ್ತವೆ. ನಾನು ಪಾಠ ಮಾಡುತ್ತಿದ್ದಾಗ ಹುಡುಗರು ಅತಿ ಹೆಚ್ಚು ಬಳಸುತ್ತಿದ್ದ ಪದ ಅದು, ಅತಿ ಕಡಿಮೆ ಉಪಯೋಗಕ್ಕೆ ಬರುತ್ತಿದ್ದ ಪದವೂ ಅದೇ.

ಒಂದು ಉದಾಹರಣೆ ಕೊಡುತ್ತೇನೆ. 25 ಸೆಂಟಿಮೀಟರ್ ಸಂಗಮದೂರವಿರುವ ಪೀನ ಮಸೂರದ ಸಾಮರ್ಥ್ಯವೆಷ್ಟು ಎಂಬ ಪ್ರಶ್ನೆ ಇದೆ ಎಂದುಕೊಳ್ಳಿ. ಸಂಗಮದೂರವನ್ನು ಮೀಟರಿಗೆ ತಂದು 0.25ರಿಂದ ಒಂದನ್ನು ಭಾಗಿಸಿದರೆ 4 ಡಯಾಪ್ಟರ್ ಬರುತ್ತದೆ. ಮೀಟರಿಗೆ ತರುವುದನ್ನು ಮರೆತವರಿಗೆ 0.04 ಬರುತ್ತದೆ, ಮತ್ತು ಆ 0.04 ಕೂಡ ಆಯ್ಕೆಗಳಲ್ಲಿ ಒಂದಾಗಿ ಕುಳಿತಿರುತ್ತದೆ. ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಮನಬಂದಂತೆ ಹಾಕುವುದಿಲ್ಲ, ವಿದ್ಯಾರ್ಥಿಗಳು ಸಾಮಾನ್ಯವಾಗಿ ಜಾರುವ ಜಾಗಗಳನ್ನು ನೋಡಿಯೇ ಹಾಕುತ್ತಾರೆ. ಆದ್ದರಿಂದ ಸರಿಯುತ್ತರ ಯಾವುದು ಎಂದು ತಿಳಿದುಕೊಂಡು ಸುಮ್ಮನಾಗಬೇಡಿ. ನೀವು ಆರಿಸಿದ ತಪ್ಪು ಆಯ್ಕೆ ಯಾವ ದಾರಿಯಲ್ಲಿ ಬರುತ್ತದೆ ಎಂದು ಹಿಂದಕ್ಕೆ ಹೋಗಿ ಹುಡುಕಿ. ಏಕಮಾನದಲ್ಲಿ ಜಾರಿದವರು ಮಸೂರದ ಪಾಠವನ್ನು ಮತ್ತೆ ಮೊದಲಿನಿಂದ ಓದಬೇಕಾಗಿಲ್ಲ, ದತ್ತಾಂಶವನ್ನು ಬರೆದುಕೊಳ್ಳುವಾಗಲೇ ಮೀಟರಿಗೆ ತರುವ ಅಭ್ಯಾಸ ಮಾಡಿಕೊಂಡರೆ ಸಾಕು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾರೂ ಪ್ರಶ್ನೆಯನ್ನು ಖಾಲಿ ಬಿಡಬಾರದು, ಸರಿ. ಆದರೆ ಊಹಿಸಿ ತುಂಬಿದ್ದು ಅದೃಷ್ಟದಿಂದ ಸರಿಯಾದರೆ, ಮನೆಯಲ್ಲಿ ವಿಶ್ಲೇಷಣೆ ಮಾಡುವಾಗ ಅದನ್ನು ತಪ್ಪುಗಳ ಜೊತೆಯಲ್ಲೇ ಸೇರಿಸಬೇಕು. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಕುರುಡು ಊಹೆಯೂ ಸರಾಸರಿ ನಾಲ್ಕಕ್ಕೊಂದು ಸರಿಯಾಗುತ್ತದೆ. ನಿಮ್ಮ ಅಂಕ 29ರಿಂದ 32ರವರೆಗೆ ಏರಿಳಿಯುತ್ತಿರುವುದಕ್ಕೆ ಈ ಊಹೆಗಳಷ್ಟೇ ಕಾರಣವಾಗಿರಬಹುದು, ಅದನ್ನು ಪ್ರಗತಿಯೆಂದೋ ಹಿನ್ನಡೆಯೆಂದೋ ಎಣಿಸಬೇಡಿ.

ಉತ್ತರ: ಎಂಜಿನಿಯರಿಂಗ್ ಎರಡನೆಯ ವರ್ಷ, ಹಾಸನ

ಸರ್ ಹೇಳಿದ ಮೂರು ಕಾರಣಗಳ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿಕೋ ತಂಗಿ. ಪ್ರಶ್ನೆ ಪ್ರಥಮ ಪಿಯುಸಿಯದೋ ದ್ವಿತೀಯ ಪಿಯುಸಿಯದೋ ಎಂದು ಬರೆ. ಸಿಇಟಿಗೆ ಎರಡೂ ವರ್ಷಗಳ ಪಠ್ಯ ಬರುತ್ತದೆ, ಆದರೆ ಬೋರ್ಡ್ ಪರೀಕ್ಷೆಯ ಗಡಿಬಿಡಿಯಲ್ಲಿ ನಾವೆಲ್ಲರೂ ಮೊದಲ ವರ್ಷದ ಪುಸ್ತಕವನ್ನು ಅಟ್ಟಕ್ಕೆ ಹಾಕಿರುತ್ತೇವೆ. ನನ್ನ ಭೌತಶಾಸ್ತ್ರದ ಅಂಕ ತಿಂಗಳುಗಟ್ಟಲೆ ಅಲುಗದೆ ನಿಂತಿದ್ದಕ್ಕೆ ಆವರ್ತ ಚಲನೆ ಮತ್ತು ಉಷ್ಣಗತಿಶಾಸ್ತ್ರವೇ ಕಾರಣವೆಂದು ನನಗೆ ಗೊತ್ತಾಗಿದ್ದು ಹೀಗೆ ಪಟ್ಟಿ ಮಾಡಿದ ಮೇಲೆಯೇ.

ಸಮಯದ ಲೆಕ್ಕವನ್ನೂ ನೋಡಬೇಕು. 60 ಪ್ರಶ್ನೆಗಳಿಗೆ 80 ನಿಮಿಷ ಎಂದರೆ ಒಂದಕ್ಕೆ 80 ಸೆಕೆಂಡು, ಅದರಲ್ಲೇ ಓಎಂಆರ್ ಹಾಳೆಯ ವೃತ್ತವನ್ನೂ ತುಂಬಬೇಕು. ಇಪ್ಪತ್ತನೆಯ ಮತ್ತು ನಲವತ್ತನೆಯ ಪ್ರಶ್ನೆ ದಾಟುವಾಗ ಗಡಿಯಾರ ನೋಡಿ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಸಮಯ ಬರೆದಿಟ್ಟರೆ, ಎಲ್ಲಿ ಸಿಕ್ಕಿಕೊಂಡೆ ಎಂಬುದು ಆಮೇಲೆ ತಾನಾಗಿಯೇ ಕಾಣುತ್ತದೆ.

ಹಳೆಯ ಸಿಇಟಿ ಪತ್ರಿಕೆಗಳನ್ನು ಬಿಡಿಸುವಾಗ ಒಂದು ಎಚ್ಚರಿಕೆ ಇರಲಿ. 2023-24ರಿಂದ ಪಠ್ಯ ಕಡಿತವಾಗಿದೆ. ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್‌ಗಳಂತಹ ಅಧ್ಯಾಯಗಳೇ ಹೋಗಿವೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಗಿ, ಕೊನೆಗೆ ಅವುಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿದ್ದು ನಿನಗೂ ಗೊತ್ತಿರಬಹುದು. ಅಂತಹ ಪ್ರಶ್ನೆಗಳನ್ನು ತೆಗೆದುಹಾಕಿ, ಉಳಿದವಕ್ಕಷ್ಟೇ ಅಂಕ ಲೆಕ್ಕ ಹಾಕು. ಇಲ್ಲದಿದ್ದರೆ ಕಲಿಯಬೇಕಾಗಿಯೇ ಇಲ್ಲದ ಅಧ್ಯಾಯದಲ್ಲಿ ನೀನು ಹಿಂದುಳಿದಂತೆ ಕಾಣುತ್ತದೆ.

ನೀಟ್ ಕೂಡ ಬರೆಯುವುದಾದರೆ ಆ ವಿಶ್ಲೇಷಣೆಯನ್ನು ಬೇರೆ ಪುಸ್ತಕದಲ್ಲಿ ಮಾಡು. ಅಲ್ಲಿ ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಊಹೆ ಮಾಡಬೇಕೋ ಬಿಡಬೇಕೋ ಎಂಬ ತೀರ್ಮಾನ ಎರಡು ಪರೀಕ್ಷೆಗಳಿಗೂ ಒಂದೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರ ಮರುಪ್ರತಿಕ್ರಿಯೆ

ಸರ್, ಅಕ್ಕ, ಇಬ್ಬರಿಗೂ ಧನ್ಯವಾದಗಳು. ಕಳೆದ ಭಾನುವಾರದ ಪತ್ರಿಕೆಯನ್ನು ನಿನ್ನೆ ರಾತ್ರಿ ಕುಳಿತು ನೋಡಿದೆ. ಹೋದ 29 ಅಂಕಗಳಲ್ಲಿ 14 ವಿಷಯವೇ ಗೊತ್ತಿಲ್ಲದವು, ಅವುಗಳಲ್ಲಿ 10 ಪ್ರಥಮ ಪಿಯುಸಿಯವು. ಏಕಮಾನ ಮತ್ತು ಓದುವ ತಪ್ಪುಗಳು 6. ಉಳಿದ 9 ಕೊನೆಯ ಐದು ನಿಮಿಷದಲ್ಲಿ ನೋಡದೆಯೇ ತುಂಬಿದವು. ಸರಿಯಾಗಿದ್ದ 31ರಲ್ಲಿಯೂ 6 ಬರೀ ಊಹೆ ಎಂದು ಒಪ್ಪಿಕೊಳ್ಳಲೇಬೇಕಾಯಿತು, ಹಾಗಾಗಿ ನನ್ನ ನಿಜವಾದ ಅಂಕ 25. ನೋಡಿ ಸ್ವಲ್ಪ ಬೇಸರವಾಯಿತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ ಇರುವುದರಿಂದ ಬೋರ್ಡ್ ಓದನ್ನು ಬಿಡುವಂತಿಲ್ಲ. ಆದ್ದರಿಂದ ಎರಡನೆಯ ಪರೀಕ್ಷೆಯ ಬದಲು ವಾರಕ್ಕೆ ಎರಡು ಸಂಜೆ ಮೊದಲ ವರ್ಷದ ಭೌತಶಾಸ್ತ್ರ ಎಂದು ಅಪ್ಪನಿಗೆ ಹೇಳಿ ಒಪ್ಪಿಸಿದ್ದೇನೆ. ಒಂದು ಸಂದೇಹ ಉಳಿದಿದೆ ಸರ್. ಯಾವುದು ಊಹೆ, ಯಾವುದು ಖಚಿತ ಎಂದು ಪರೀಕ್ಷೆ ನಡೆಯುವಾಗಲೇ ಗುರುತು ಹಾಕಿಕೊಳ್ಳುವುದು ಹೇಗೆ?

ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು

ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಶ್ನೆಯ ಸಂಖ್ಯೆಯ ಪಕ್ಕ ಒಂದು ಚುಕ್ಕೆ ಇಡಿ. ಎರಡು ಆಯ್ಕೆಗಳನ್ನು ತೆಗೆದುಹಾಕಿ ಉಳಿದೆರಡರ ನಡುವೆ ಊಹಿಸಿದ್ದರೆ ಎರಡು ಚುಕ್ಕೆ ಇಡಿ, ಏಕೆಂದರೆ ಅದು ಅರ್ಧ ತಿಳಿದ ವಿಷಯ, ಮೊದಲು ಓದಬೇಕಾದದ್ದೂ ಅದೇ. ಓಎಂಆರ್ ಹಾಳೆಯ ಮೇಲೆ ಮಾತ್ರ ಮಾಕ್ ಟೆಸ್ಟ್‌ನಲ್ಲಿಯೂ ಯಾವ ಗುರುತನ್ನೂ ಹಾಕಬೇಡಿ.