ಸಿಇಟಿಗೆ ಮೂರು ವಾರ ಇದೆ, ಇನ್ನೂ ಮಾಕ್ ಟೆಸ್ಟ್ ಬರೀತಾ ಇರ್ಬೇಕಾ ಇಲ್ಲ ಬಿಟ್ಟು ಓದ್ಬೇಕಾ?

ಕಾಫಿಹೂ:
ಎಲ್ರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಹತ್ರದವಳು, ಸೆಕೆಂಡ್ ಪಿಯು ಪಿಸಿಎಂಬಿ, ಪಿಯು ಪರೀಕ್ಷೆ ಮುಗೀತು. ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಲ್ಲಿ ಬಿಎಸ್ಸಿ ಮಾಡ್ಬೇಕು ಅಂತ ತುಂಬಾ ಆಸೆ ಇದೆ, ಆ ಸೀಟಿಗೆ ಸಿಇಟಿ ಎಂಟ್ರೆನ್ಸ್ ಪರೀಕ್ಷೆ ಬರೀಬೇಕು, ಅದಕ್ಕೆ ದಿನಾ ಎರಡು ಮೂರು ಮಾಕ್ ಟೆಸ್ಟ್ ಫೋನಲ್ಲಿ ಬರೀತಿದೀನಿ, ಬಯಾಲಜಿ 60ಕ್ಕೆ 48-50 ಬರುತ್ತೆ ಆದ್ರೆ ಫಿಸಿಕ್ಸ್ 27-28 ದಾಟ್ತಾನೇ ಇಲ್ಲ, ಕೊನೆ ಹತ್ತು ಪ್ರಶ್ನೆ ಓದೋಕೂ ಟೈಮ್ ಸಿಗಲ್ಲ. ಮನೇಲಿ ನೆಟ್‌ವರ್ಕ್ ಬೇರೆ ಇಲ್ಲ, ತೋಟದ ಮೇಲಿನ ಗೇಟ್ ಹತ್ರ ಹೋಗಿ ಕೂತ್ಕೋಬೇಕು, ಮೊನ್ನೆ ಹೂಮಳೆ ಬಂದಾಗ 41ನೇ ಪ್ರಶ್ನೇಲಿ ಇದ್ದೆ, ಟವರ್ ಹೋಯ್ತು, ಬರೆದಿದ್ದೆಲ್ಲಾ ಹೋಯ್ತು. ಅಳು ಬಂತು. ಏನ್ ಮಾಡ್ಲಿ ಹೇಳಿ.

ಸಿಲ್ವರ್‌ಓಕ್:
ತಂಗಿ, ನಾನು ಅದೇ ಕಾಲೇಜಲ್ಲಿ ಮೂರನೇ ವರ್ಷ. ಮೊದಲು ಫೋನ್ ಪಕ್ಕಕ್ಕಿಡು. ಸಿಇಟಿ ನಡೆಸೋ ಕೆಇಎ ವೆಬ್‌ಸೈಟಲ್ಲಿ ಹಳೇ ಪೇಪರ್, ಕೀ ಆನ್ಸರ್ ಎಲ್ಲಾ ಫ್ರೀ ಸಿಗುತ್ತೆ, ಒಂದ್ಸಲ ನೆಟ್‌ವರ್ಕ್ ಇರೋ ಕಡೆ ಇಳಿಸ್ಕೊಂಡು ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸ್ಕೊ. ನಿಜವಾದ ಪರೀಕ್ಷೆ ಇರೋದೇ ಪೇಪರ್ ಮೇಲೆ, ಉತ್ತರಕ್ಕೆ ಗೋಲ ತುಂಬೋ ಓಎಂಆರ್ ಶೀಟಲ್ಲಿ. ಒಟ್ಟು 80 ನಿಮಿಷ ಅಂತಾರೆ ಆದ್ರೆ ಉತ್ತರ ಬರೆಯೋಕೆ ಸಿಗೋದು 70 ನಿಮಿಷ, ಅಂದ್ರೆ ಒಂದು ಪ್ರಶ್ನೆಗೆ 70 ಸೆಕೆಂಡು, ಅದರಲ್ಲೇ ಗೋಲ ತುಂಬೋದೂ ಸೇರಿತು.

ನಾನು ಪ್ರಾಕ್ಟೀಸಲ್ಲಿ ಎಲ್ಲಾ ಉತ್ತರ ಪೇಪರಲ್ಲಿ ಟಿಕ್ ಮಾಡ್ಕೊಂಡು ಕೊನೇಲಿ ಒಟ್ಟಿಗೆ ಗೋಲ ತುಂಬ್ತಿದ್ದೆ. ಒಂದಿನ 23 ಬಿಟ್ಟಿದ್ದೆ, ಅದು ಮರೆತು 24ರ ಉತ್ತರ 23ಕ್ಕೆ ತುಂಬಿ ಅಲ್ಲಿಂದ ಕೆಳಗೆ ಎಲ್ಲಾ ಒಂದೊಂದು ಮನೆ ಮೇಲೆ ಹೋಯ್ತು. ಬಾಲ್ ಪೆನ್ನು, ಅಳಿಸೋ ಹಾಗಿಲ್ಲ. ಅವತ್ತಿಂದ ಒಂದು ಪುಟ ಮುಗಿದ ಕೂಡ್ಲೇ ಆ ಪುಟದ್ದು ತುಂಬೋದು ರೂಢಿ ಮಾಡ್ಕೊಂಡೆ. ಇದನ್ನ ಈಗ್ಲೇ ಕೈಗೆ ಕಲಿಸ್ಬೇಕು, ಪರೀಕ್ಷೆ ದಿನ ಹೊಸದಾಗಿ ಬರಲ್ಲ.

ಪಾಠದಮನೆ:
ನಾನು ಪಿಯು ಕಾಲೇಜಲ್ಲಿ ಫಿಸಿಕ್ಸ್ ಹೇಳ್ಕೊಡ್ತೀನಿ. ದಿನಕ್ಕೆ ಮೂರು ಟೆಸ್ಟ್ ಜಾಸ್ತಿ ಆಯ್ತಮ್ಮ. ಎರಡು ದಿನಕ್ಕೆ ಒಂದು ಸಾಕು, ಮಿಕ್ಕ ಟೈಮು ತಪ್ಪಾಗಿದ್ದನ್ನ ನೋಡೋಕೆ. ಗೊತ್ತೇ ಇರ್ಲಿಲ್ವಾ, ಗೊತ್ತಿದ್ದೂ ಪ್ರಶ್ನೆ ಸರಿಯಾಗಿ ಓದ್ಲಿಲ್ವಾ, ಲೆಕ್ಕ ತಪ್ಪಿತಾ ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊ. ಲೆನ್ಸ್ ಫೋಕಲ್ ಲೆಂತ್ 20 ಸೆಂಟಿಮೀಟರ್ ಕೊಟ್ಟು ಪವರ್ ಕೇಳಿದ್ರೆ ಮೀಟರಿಗೆ ಬದಲಾಯಿಸ್ದೆ 1/20 ಅಂತ ಮಾಡೋ ಮಕ್ಕಳನ್ನ ಪ್ರತಿ ವರ್ಷ ನೋಡ್ತೀನಿ, 0.2 ಮೀಟರ್ ಅಂತ ತಗೊಂಡ್ರೆ 5 ಡಯಾಪ್ಟರ್ ಬಾಯಲ್ಲೇ ಬರುತ್ತೆ.

ಇನ್ನೊಂದು, ಸಿಇಟಿಗೆ ಫಸ್ಟ್ ಪಿಯು ಪಾಠಾನೂ ಇದೆ. ಪಿಯು ಪರೀಕ್ಷೆ ಗುಂಗಲ್ಲಿ ಅದು ಮರೆತೇ ಹೋಗಿರುತ್ತೆ, ನಿಂಗೆ 27 ಬರೋದು ಅದಕ್ಕೇ ಇರ್ಬಹುದು. ಮೊದಲ ಸುತ್ತಲ್ಲಿ ಸುಲಭದ್ದೆಲ್ಲಾ ಮುಗಿಸು, ದೊಡ್ಡ ಲೆಕ್ಕ ಬಿಟ್ಟು ಮುಂದೆ ಹೋಗು, ಆಮೇಲೆ ವಾಪಸ್ ಬಾ. ಸಿಇಟೀಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, ಹಾಗಾಗಿ ಒಂದೂ ಖಾಲಿ ಬಿಡ್ಬೇಡ. ಮೆಡಿಕಲ್ ಸೀಟಿನ ನೀಟ್ ಕೂಡ ಬರೀತಿದ್ರೆ ಅಲ್ಲಿ ತಪ್ಪಿಗೆ ಒಂದು ಮಾರ್ಕ್ ಹೋಗುತ್ತೆ, ಎರಡರ ಟೆಸ್ಟ್ ಒಂದೇ ದಿನ ಬರೀಬೇಡ, ಅಭ್ಯಾಸ ಕಲಸಿಹೋಗುತ್ತೆ. 2024ರ ಪೇಪರ್ ಮಾಡುವಾಗ ನೆನಪಿರ್ಲಿ, ಸಿಲೆಬಸ್ ಹೊರಗಿಂದು ಬಂದು ನಾಲ್ಕೂ ಸಬ್ಜೆಕ್ಟ್ ಸೇರಿ 50 ಪ್ರಶ್ನೆ ಲೆಕ್ಕಕ್ಕೆ ತಗೊಂಡಿಲ್ಲ, ಅಲ್ಲಿ ಕಮ್ಮಿ ಬಂತು ಅಂತ ಬೇಜಾರ್ ಮಾಡ್ಕೋಬೇಡ.

ನಾಪೋಕ್ಲು_ಅಮ್ಮ:
ನನ್ನ ಮಗ ಹೋದ್ವರ್ಷ ಬರೆದ. ಬೆಳಿಗ್ಗೆ 10.30ರದ್ದು ಚೆನ್ನಾಗಿ ಮಾಡ್ತಿದ್ದ, ಮಧ್ಯಾಹ್ನ 2.30ರ ಪೇಪರಿಗೆ ಮನೆ ಟೆಸ್ಟಲ್ಲೇ ತೂಕಡಿಸ್ತಿದ್ದ. ಆಮೇಲೆ ನಾನು ಎರಡು ವಾರ ಅದೇ ಹೊತ್ತಿಗೆ ಕೂರಿಸಿ ಬರೆಸ್ದೆ, ಊಟ ಸ್ವಲ್ಪ ಕಮ್ಮಿ ಬಡಿಸ್ದೆ, ಸರಿ ಹೋಯ್ತು. ಸೆಂಟರ್ ಮಡಿಕೇರಿ ಬಂದ್ರೆ ಹಿಂದಿನ ದಿನಾನೇ ನೆಂಟ್ರ ಮನೆಗೆ ಹೋಗಿ ಉಳ್ಕೊ ಮಗಳೇ, ಬೆಳಿಗ್ಗೆ ಆ ತಿರುವು ರಸ್ತೇಲಿ ಬಸ್ಸಲ್ಲಿ ಬಂದು ತಲೆ ಸುತ್ತಿದ್ರೆ ಯಾವ ಪ್ರಶ್ನೆ ಓದ್ತೀಯ.

ಕಾಫಿಹೂ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು 2023ರ ಫಿಸಿಕ್ಸ್ ಪೇಪರ್ ಪ್ರಿಂಟ್ ತೆಗೆಸಿ 10.40ಕ್ಕೆ ಅಲಾರಾಂ ಇಟ್ಟು ಬರೆದೆ, 31 ಬಂತು. ಸರ್ ಹೇಳಿದ ಹಾಗೆ ತಪ್ಪೆಲ್ಲಾ ಬರ್ಕೊಂಡೆ, 29ರಲ್ಲಿ 13 ಫಸ್ಟ್ ಪಿಯುದೇ, ರೊಟೇಷನ್ನು ಥರ್ಮೋಡೈನಮಿಕ್ಸು ಓದಿದ್ದೇ ನೆನಪಿಲ್ಲ. ಪರೀಕ್ಷೆ ಹಿಂದಿನ ದಿನಾನೂ ಟೆಸ್ಟ್ ಬರೀಬೇಕಾ ಅಣ್ಣ?

ಸಿಲ್ವರ್‌ಓಕ್:
ಬೇಡ. ಹಿಂದಿನ ದಿನ ಆ ತಪ್ಪಿನ ನೋಟ್‌ಬುಕ್ ಮಾತ್ರ ಓದು. ಪರೀಕ್ಷೆ ದಿನ ಬೆಳಿಗ್ಗೆ ಚೆನ್ನಾಗಿ ಗೊತ್ತಿರೋ ಐದಾರು ಪ್ರಶ್ನೆ ಪೆನ್ನು ಹಿಡ್ದು ಮಾಡು, ಕೈ ಬಿಸಿ ಆಗುತ್ತೆ, ಒಳಗೆ ಹೋಗಿ ಕೂತಾಗ ಮೊದಲನೇ ಪ್ರಶ್ನೆಗೆ ತಡವರಿಸಲ್ಲ. ಈಗ ರೊಟೇಷನ್ ಶುರು ಮಾಡು, ಡೌಟ್ ಬಂದ್ರೆ ಇಲ್ಲೇ ಹಾಕು.