ಬೇಸ್‌ಬಾಲ್ ಲೀಗಲ್ಲಿ ನಿಜವಾಗ್ಲೂ ಸಮಬಲ ಇದ್ಯಾ? ಸಂಖ್ಯಾಶಾಸ್ತ್ರದ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಲ್ಲಿ 2025ರ ಸೀಸನ್ ಮುಗಿದು ಲಾಸ್ ಏಂಜಲೀಸ್ (ಎಲ್‌ಎ) ಡಾಡ್ಜರ್ಸ್ ಸತತ ಎರಡನೇ ಸಲ ವರ್ಲ್ಡ್ ಸೀರೀಸ್, ಅಂದ್ರೆ ಫೈನಲ್, ಹೊಡೆದಾಗಿಂದ ಗುಂಪಲ್ಲಿ ಒಂದೇ ಗಲಾಟೆ. ಲೀಗಲ್ಲಿ ಎಲ್ಲಾ ಟೀಮೂ ಸಮಬಲ ಅಂತ ಅರ್ಧ ಜನ, ದುಡ್ಡಿದ್ದೋರದ್ದೇ ಆಟ ಅಂತ ಇನ್ನರ್ಧ ಜನ. ಅದಕ್ಕೇ ಇಲ್ಲಿ ಕಾಲೇಜಲ್ಲಿ ಸಂಖ್ಯಾಶಾಸ್ತ್ರ ಹೇಳ್ಕೊಡೋ ನಮ್ಮ ಮೇಡಂನ ಕರೆದಿದ್ದೀವಿ, ಬೇಸ್‌ಬಾಲ್ ಅಂಕಿಅಂಶ ಅವರ ದಿನನಿತ್ಯದ ಕೆಲಸ. ಪ್ರಶ್ನೆ ಇಲ್ಲೇ ಕೆಳಗೆ ಹಾಕಿ. ಫಾರ್ವರ್ಡ್ ಹಾಕ್ಬೇಡಿ ದಯವಿಟ್ಟು.

ಟೊರೊಂಟೊ ಅಕ್ಕ: ನಮಸ್ತೆ ಮೇಡಂ. ಮಿಲ್ವಾಕಿ 97 ಗೆಲುವು, ಫಿಲಡೆಲ್ಫಿಯಾ 96, ನಮ್ಮ ಬ್ಲೂ ಜೇಸ್ 94, ಯಾಂಕೀಸ್ 94, ಡಾಡ್ಜರ್ಸ್ 93. ಒಬ್ರೂ 100 ಮುಟ್ಟಲಿಲ್ಲ, 2024ರಲ್ಲೂ 98ಕ್ಕೇ ನಿಂತಿತ್ತು. ಇದನ್ನೇ ಅಲ್ವಾ ಸಮಬಲ ಅನ್ನೋದು?

ಮೇಡಂ: ನಮಸ್ಕಾರ. ಒಳ್ಳೆ ಪ್ರಶ್ನೆ, ಇಲ್ಲಿಂದ್ಲೇ ಶುರು ಮಾಡೋಣ. ಸೀಸನ್ನಲ್ಲಿ ಒಂದೊಂದು ಟೀಮೂ 162 ಆಟ ಆಡುತ್ತೆ. ಲೀಗಿನ 30 ಟೀಮೂ ಅಚ್ಚು ಹೊಯ್ದಂಗೆ ಒಂದೇ ಅಂತ ಇಟ್ಕೊಳ್ಳಿ, ಪ್ರತಿ ಆಟನೂ ಬರೀ ನಾಣ್ಯ ಚಿಮ್ಮಿದ ಹಾಗೆ. ಆಗ ಎಲ್ರೂ 81 ಗೆಲ್ತಾರೆ ಅಂತ ಅನ್ಸುತ್ತೆ, ಆದ್ರೆ ಹಾಗಾಗಲ್ಲ. 162 ಸಲ ನಾಣ್ಯ ಚಿಮ್ಮಿದ್ರೆ ಸಾಮಾನ್ಯವಾಗಿ 6 ಆಟ ಆಚೀಚೆ ಆಗುತ್ತೆ, ಅಂಥ 30 ಸಾಲು ಒಟ್ಟಿಗೆ ನೋಡಿದ್ರೆ ಮೇಲಿರೋನು 94ರ ಹತ್ರ ಇರ್ತಾನೆ, ಕೊನೇಲಿರೋನು 68ರ ಹತ್ರ. ಅಂದ್ರೆ 94 ಗೆಲುವು ಬರೀ ಅದೃಷ್ಟದಿಂದ್ಲೂ ಬರಬಹುದಾದ ಸಂಖ್ಯೆ. ಹಂಗಂತ ನಿಮ್ಮ ಟೀಮ್ ಅದೃಷ್ಟದಿಂದ ಗೆದ್ದಿದ್ದು ಅಂತಲ್ಲ, 94ಕ್ಕೂ 97ಕ್ಕೂ ಇರೋ ವ್ಯತ್ಯಾಸದ ಮೇಲೆ ಯಾರೂ ಜಗಳ ಆಡೋ ಹಾಗಿಲ್ಲ ಅಂತ ಅಷ್ಟೇ.

ಆದ್ರೆ ಕೊಲರಾಡೊ ರಾಕೀಸ್ 43 ಗೆದ್ದು 119 ಸೋತಿದ್ದು ನಾಣ್ಯದಿಂದ ಬರೋ ಸಂಖ್ಯೆನೇ ಅಲ್ಲ. 2024ರಲ್ಲಿ ಷಿಕಾಗೊ ವೈಟ್ ಸಾಕ್ಸ್ 121 ಸೋತಿದ್ದೂ ಹಾಗೇ. ರಾಕೀಸ್‌ನ ಪಕ್ಕಕ್ಕಿಟ್ಟು 2025ರ ಉಳಿದ 29 ಟೀಮ್ ಲೆಕ್ಕ ಹಾಕಿ ನೋಡಿದೆ, ಗೆಲುವಿನ ವೇರಿಯನ್ಸಲ್ಲಿ (ಟೀಮುಗಳ ಗೆಲುವು ಎಷ್ಟು ಚದುರಿದೆ ಅನ್ನೋ ಅಳತೆ) ಹೆಚ್ಚುಕಮ್ಮಿ ಅರ್ಧ ಅದೃಷ್ಟದ್ದೇ. ಅಷ್ಟರ ಮಟ್ಟಿಗೆ ಮಧ್ಯದ ಟೀಮುಗಳು ನಿಜವಾಗ್ಲೂ ಹತ್ತಿರ ಹತ್ತಿರ ಇವೆ. ತಳದಲ್ಲಿ ಸಮಬಲ ಇಲ್ಲ.

ಮೆಟ್ಸ್ ಭಕ್ತ: ಸ್ಯಾಲರಿ ಕ್ಯಾಪ್, ಅಂದ್ರೆ ಒಂದು ಟೀಮ್ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡ್ಬೇಕು ಅನ್ನೋ ಮಿತಿ, ತಂದ್ರೆ ಎಲ್ಲಾ ಸರಿಹೋಗುತ್ತೆ ಅಂತಾರಲ್ಲ ಮೇಡಂ?

ಮೇಡಂ: ಬೇಸ್‌ಬಾಲಲ್ಲಿ ಕ್ಯಾಪ್ ಇಲ್ಲ, ಮಿತಿ ದಾಟಿದ್ರೆ ತೆರಿಗೆ ಇದೆ. 2025ಕ್ಕೆ ಆ ಮಿತಿ 24.1 ಕೋಟಿ ಡಾಲರ್, ವರ್ಷ ವರ್ಷ ದಾಟೋರು ಮೇಲಿನ ಹಂತದಲ್ಲಿ ಹೆಚ್ಚುವರಿ ಒಂದೊಂದು ಡಾಲರ್‌ಗೂ 1 ಡಾಲರ್ 10 ಸೆಂಟ್ ಕಟ್ಬೇಕು. ಇದಲ್ಲದೆ ಪ್ರತಿ ಟೀಮೂ ತನ್ನ ಸ್ಥಳೀಯ ಆದಾಯದಲ್ಲಿ 48% ಒಂದು ಹುಂಡಿಗೆ ಹಾಕುತ್ತೆ, ಅದು ಎಲ್ರಿಗೂ ಸಮವಾಗಿ ಹಂಚಿಕೆ ಆಗುತ್ತೆ. ಹಂಚಿಕೆಯಲ್ಲಿ ಬಂದ ದುಡ್ಡನ್ನ ಮಾಲೀಕರು ಆಟಗಾರರ ಮೇಲೆ ಖರ್ಚು ಮಾಡ್ತಾರಾ ಇಲ್ವಾ ಅನ್ನೋದೇ ಅಸಲಿ ಜಗಳ. ನನ್ನ ಕೇಳಿದ್ರೆ ಮೇಲಿನ ಮಿತಿಗಿಂತ ಕೆಳಗಿನ ಮಿತಿ ಮುಖ್ಯ, ಇಷ್ಟಾದ್ರೂ ಸಂಬಳ ಕೊಡ್ಲೇಬೇಕು ಅಂತ. ಮಾಲೀಕರಿಗೂ ಆಟಗಾರರಿಗೂ ಇರೋ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ. 1994ರಲ್ಲಿ ಇದೇ ಕ್ಯಾಪ್ ಜಗಳಕ್ಕೆ ಆಟಗಾರರು ಮುಷ್ಕರ ಹೂಡಿ ವರ್ಲ್ಡ್ ಸೀರೀಸೇ ನಡೀಲಿಲ್ಲ, ಅದನ್ನ ಮರೀಬೇಡಿ.

ಕ್ಲೀವ್‌ಲ್ಯಾಂಡ್‌ನವ್ನು: ಮೇಡಂ ನಮ್ಮ ಗಾರ್ಡಿಯನ್ಸ್ ಬಗ್ಗೆ ಹೇಳಿ. ಜುಲೈ ಮೊದಲಲ್ಲಿ ಸತತ 10 ಸೋತು ಡೆಟ್ರಾಯಿಟ್‌ಗಿಂತ ಹದಿನೈದೂವರೆ ಆಟ ಹಿಂದೆ ಇದ್ವಿ, ನಾನು ಟೀವಿ ನೋಡೋದೇ ಬಿಟ್ಟಿದ್ದೆ, ಕೊನೆಗೆ ನಮ್ದು 88 ಗೆಲುವು, ಅವರದ್ದು 87, ಡಿವಿಷನ್ (ನಮ್ಮ ಐದು ಟೀಮಿನ ಗುಂಪು) ನಾವೇ ಗೆದ್ವಿ. ಇದು ಹೆಂಗಾಗುತ್ತೆ?

ಮೇಡಂ: ಇಷ್ಟು ದೊಡ್ಡ ಅಂತರ ಮುಚ್ಚಿ ಡಿವಿಷನ್ ಗೆದ್ದಿದ್ದು ಲೀಗ್ ಇತಿಹಾಸದಲ್ಲೇ ಇದೊಂದು. ನಾನು ಆ ಸೆಪ್ಟೆಂಬರ್ ಪೂರ್ತಿ ಪಾಠದ ಉದಾಹರಣೆಗಳನ್ನೆಲ್ಲ ಬದಲಾಯಿಸಿ ಇದನ್ನೇ ಹೇಳ್ತಿದ್ದೆ. ಆಗ 70 ಚಿಲ್ಲರೆ ಆಟ ಬಾಕಿ ಇತ್ತು. ಅಲ್ಲಿಂದಾಚೆ ಎರಡೂ ಟೀಮ್ ಸಮ ಅಂದ್ಕೊಂಡ್ರೆ, ಅಷ್ಟು ಆಟದಲ್ಲಿ ಇಬ್ಬರ ಮಧ್ಯದ ಅಂತರ ಸಾಮಾನ್ಯವಾಗಿ 6 ಆಟ ಅಲ್ಲಾಡುತ್ತೆ. ಹದಿನೈದೂವರೆ ಅಂದ್ರೆ ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ, 200 ಸಲ ಆಡಿಸಿದ್ರೆ ಒಂದ್ಸಲ ಕಾಣಿಸೋ ಅಂಥದ್ದು. ಪವಾಡ ಅನ್ಸುತ್ತೆ ಅಲ್ವಾ? ಆದ್ರೆ ವರ್ಷಕ್ಕೆ 6 ಡಿವಿಷನ್, ಒಂದೊಂದರಲ್ಲೂ ಹಿಂದೆ ಬಿದ್ದೋರು ನಾಲ್ಕು ಟೀಮ್, ಇಷ್ಟು ದಶಕ. ಎಲ್ಲೋ ಒಂದ್ಕಡೆ ಆಗಲೇಬೇಕಿತ್ತು, ನಿಮ್ಮೂರಲ್ಲಾಯ್ತು. ಆಮೇಲೆ ಅದೇ ಡೆಟ್ರಾಯಿಟ್ ವೈಲ್ಡ್ ಕಾರ್ಡ್ ಆಗಿ (ಡಿವಿಷನ್ ಗೆಲ್ಲದಿದ್ರೂ ಪ್ಲೇಆಫ್‌ಗೆ ಸಿಗೋ ಜಾಗ) ಬಂದು ನಿಮ್ಮನ್ನ 2-1ರಲ್ಲಿ ಮನೆಗೆ ಕಳಿಸ್ತು, 162 ಆಟದ ಶ್ರಮ ಮೂರು ಆಟದಲ್ಲಿ ಹೋಯ್ತು. ಆ ವಾರ ನನಗೂ ಬೇಜಾರಾಗಿತ್ತು.

ಮಿಲ್ವಾಕಿ ಮಾವ: ನಮ್ದು ಅದಕ್ಕಿಂತ ಘೋರ. ಸೀಸನ್ನಲ್ಲಿ ಡಾಡ್ಜರ್ಸ್ ಜೊತೆ ಆಡಿದ 6ಕ್ಕೆ 6 ನಾವೇ ಗೆದ್ದಿದ್ವಿ. ಅಕ್ಟೋಬರಲ್ಲಿ ಅದೇ ಡಾಡ್ಜರ್ಸ್ ಕೈಲಿ 4ಕ್ಕೆ 4 ಸೋತ್ವಿ. ಇದಕ್ಕೆ ಏನಂತೀರಿ?

ಮೇಡಂ: ಮೊದಲನೇ 6 ಆಟನೂ ಪುರಾವೆ ಅಲ್ಲ, ಆಮೇಲಿನ 4 ಆಟನೂ ಪುರಾವೆ ಅಲ್ಲ. ಪ್ರತಿ ಆಟದಲ್ಲೂ ಗೆಲ್ಲೋ ಸಾಧ್ಯತೆ 55% ಇರೋ ಒಳ್ಳೆ ಟೀಮ್ ತಗೊಳ್ಳಿ, 7 ಆಟದ ಸರಣಿ ಗೆಲ್ಲೋ ಸಾಧ್ಯತೆ ಬರೀ 61%. 5 ಆಟದ್ದಾದ್ರೆ 59%. 5 ಆಟದ್ದು ಒಂದು, 7 ಆಟದ್ದು ಎರಡು, ಹೀಗೆ ಮೂರೂ ಸರಣಿ ಸಾಲಾಗಿ ಗೆದ್ದು ಕಪ್ ಎತ್ತೋದು 22%, ಅಂದ್ರೆ ಐದು ವರ್ಷಕ್ಕೊಂದ್ಸಲ. 2023ರಲ್ಲಿ ಅಟ್ಲಾಂಟಾ 104, ಬಾಲ್ಟಿಮೋರ್ 101, ಡಾಡ್ಜರ್ಸ್ 100 ಗೆದ್ದು ಮೂರೂ ಟೀಮ್ ತಮ್ಮ ಮೊದಲ ಸರಣಿಯಲ್ಲೇ ಹೊರಗೆ ಹೋದ್ವು, ಫೈನಲಿಗೆ ಬಂದಿದ್ದು 90ರ ಟೆಕ್ಸಸ್, 84ರ ಅರಿಜೋನಾ.

ಎಲ್‌ಎ ಹುಡುಗ: ಮಾವ, ಸೋತಿದ್ದಕ್ಕೆ ಅದೃಷ್ಟ ಅಂತೀರಾ? ನಮ್ಮ ಪಿಚರ್‌ಗಳನ್ನ ನಿಮ್ಮೋರು ಮುಟ್ಟಕ್ಕೇ ಆಗ್ಲಿಲ್ಲ.

ಮಿಲ್ವಾಕಿ ಮಾವ: ಅಪ್ಪಾ, 70 ಕೋಟಿ ಡಾಲರ್‌ಗೆ ಒಹ್ತಾನಿನ ತಗೊಂಡು 68 ಕೋಟಿ ಆಮೇಲೆ ಕೊಡ್ತೀವಿ ಅಂತ ಮುಂದಕ್ಕೆ ಹಾಕಿದೋರು ನೀವು. ಲೀಗಲ್ಲೇ ಅತಿ ಚಿಕ್ಕ ಟೀವಿ ಮಾರ್ಕೆಟ್ ನಮ್ದು.

ಎಲ್‌ಎ ಹುಡುಗ: ಅದು ಕಾನೂನು ಪ್ರಕಾರನೇ ಇದೆ. ಯಾವ ಟೀಮ್ ಬೇಕಾದ್ರೂ ಮಾಡ್ಬಹುದಿತ್ತು.

ಮಿಲ್ವಾಕಿ ಮಾವ: 25 ವರ್ಷಕ್ಕೆ 800 ಕೋಟಿ ಡಾಲರ್ ಮೀರಿದ ಟೀವಿ ಒಪ್ಪಂದ ಇದ್ರೆ ನಾವೂ ಮಾಡ್ತಿದ್ವಿ.

ಮೆಟ್ಸ್ ಭಕ್ತ: ದುಡ್ಡು ದುಡ್ಡು ಅಂತೀರಲ್ಲ, ನಾವು ಹುವಾನ್ ಸೋಟೊಗೆ 76.5 ಕೋಟಿ ಡಾಲರ್ ಬರೆದ್ಕೊಟ್ವಿ, ಜೂನ್ ಮಧ್ಯದಲ್ಲಿ 45 ಗೆದ್ದು 24 ಸೋತಿದ್ವಿ, ಲೀಗಿಗೇ ಮೊದಲು. ಆಮೇಲೆ 38-55. ಕೊನೇ ದಿನ ಮಯಾಮಿ ಕೈಲಿ ಸೋತು 83ಕ್ಕೆ ನಿಂತ್ವಿ, ಸಿನ್ಸಿನಾಟಿದೂ 83. ಮೊದಲಾಗಿದ್ರೆ ಒಂದು ಆಟ ಆಡಿಸಿ ತೀರ್ಮಾನ ಮಾಡ್ತಿದ್ರು, ಈಗ ಪರಸ್ಪರ ಆಡಿದ್ದು ನೋಡಿ ಅವರನ್ನ ಪ್ಲೇಆಫ್ ಒಳಗೆ ಬಿಟ್ರು. ಇದು ನ್ಯಾಯನಾ ಮೇಡಂ?

ಟೊರೊಂಟೊ ಅಕ್ಕ: ನಮಗೂ ಯಾಂಕೀಸ್‌ಗೂ 94-94 ಆದಾಗ ಅದೇ ನಿಯಮದಲ್ಲಿ ನಾವು ಡಿವಿಷನ್ ಗೆದ್ದಿದ್ದು. ನಿಯಮ ಎಲ್ರಿಗೂ ಒಂದೇ ಕಣಪ್ಪ.

ಮೆಟ್ಸ್ ಭಕ್ತ: ನಿಮಗೆ ಲಾಭ ಆಯ್ತು ಅದಕ್ಕೆ ನ್ಯಾಯ ಅಂತೀರಿ ಅಕ್ಕ.

ಟೊರೊಂಟೊ ಅಕ್ಕ: ವರ್ಲ್ಡ್ ಸೀರೀಸಿನ ಏಳನೇ ಆಟ ನಮ್ಮೂರಲ್ಲೇ 11 ಇನ್ನಿಂಗ್ಸ್ ಆಡಿ 5-4ರಲ್ಲಿ ಸೋತ ಮೇಲೆ ನನಗೆ ಲಾಭದ ಬಗ್ಗೆ ಹೇಳ್ಬೇಡ.

ಆರ್‌ಸಿಬಿ ಸುರೇಶ: ಐಪಿಎಲ್ ತರ ಹರಾಜು ಮಾಡಿದ್ರೆ ಮುಗೀತು, 2025ರಲ್ಲಿ ಎಲ್ರಿಗೂ 120 ಕೋಟಿ ರೂಪಾಯಿ, ಒಬ್ರಿಗೂ ಜಾಸ್ತಿ ಇರ್ಲಿಲ್ಲ. ಇದೇ ಸಮಬಲ.

ಎಲ್‌ಎ ಹುಡುಗ: ಎಲ್ರಿಗೂ ಒಂದೇ ದುಡ್ಡು ಇದ್ದೂ ಮುಂಬೈ 5, ಚೆನ್ನೈ 5 ಹೊಡೆದಿಲ್ವಾ? ನಾವು 18ನೇ ಸೀಸನ್ ತನಕ ಕಾದ್ವಿ. ಎಲ್ಲಿ ಬಂತು ಸಮಬಲ?

ಆರ್‌ಸಿಬಿ ಸುರೇಶ: ನೀನು ಎಲ್‌ಎಲಿ ಕೂತು ಆರ್‌ಸಿಬಿ ಬಗ್ಗೆ ಮಾತಾಡ್ಬೇಡ.

ಎಲ್‌ಎ ಹುಡುಗ: ಮಲ್ಲೇಶ್ವರದವ್ನು ಸ್ವಾಮಿ ನಾನು.

ಅಡ್ಮಿನ್: ಐಪಿಎಲ್ ಇಲ್ಲಿ ಬೇಡ. ಬೇರೆ ಕಡೆ ಆಡ್ಕೊಳ್ಳಿ.

ಶಿವಮೊಗ್ಗ ಟು ಸಿಯಾಟಲ್: ಮೇಡಂ ಜಪಾನ್ ಲೀಗಲ್ಲಿ 12 ಟೀಮ್ ಮಾತ್ರ ಇರೋದು, ಅಲ್ಲಿ ಸಮಬಲ ಹೆಂಗಿದೆ? ಮತ್ತೆ ನಮ್ಮ ಮ್ಯಾರಿನರ್ಸ್ ಯಾವತ್ತಾದ್ರೂ ವರ್ಲ್ಡ್ ಸೀರೀಸ್ ನೋಡ್ತೀವಾ?

ಹೊಸ ಸದಸ್ಯ: ಸ್ಯಾಲರಿ ಕ್ಯಾಪ್ ಬಂದ್ರೆ ಸರಿಹೋಗುತ್ತಾ ಮೇಡಂ?

ಮೇಡಂ: ಮೇಲೆ ಬರೆದಿದ್ದೀನಿ, ಓದಿ.

ಹೊಸ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ: "ಕಳೆದ 10 ವರ್ಷದಲ್ಲಿ 10 ಬೇರೆ ಬೇರೆ ಟೀಮ್ ಚಾಂಪಿಯನ್. ಬೇಸ್‌ಬಾಲೇ ಪ್ರಪಂಚದ ಅತಿ ಸಮಬಲದ ಲೀಗ್. ಎಲ್ಲರಿಗೂ ಹಂಚಿ."

ಮೇಡಂ: ಸುಳ್ಳು. 2016ರಿಂದ 2025: ಕಬ್ಸ್, ಆಸ್ಟ್ರೋಸ್, ರೆಡ್ ಸಾಕ್ಸ್, ನ್ಯಾಷನಲ್ಸ್, ಡಾಡ್ಜರ್ಸ್, ಬ್ರೇವ್ಸ್, ಆಸ್ಟ್ರೋಸ್, ರೇಂಜರ್ಸ್, ಡಾಡ್ಜರ್ಸ್, ಡಾಡ್ಜರ್ಸ್. ಎಣಿಸಿ, 7 ಟೀಮ್. ಎಣಿಸೋಕೆ ಒಂದು ನಿಮಿಷ ಸಾಕಾಗ್ತಿತ್ತು ಹಂಚೋಕೆ ಮುಂಚೆ.

ಹೆಸರು ಬೇಡ: ಮೇಡಂ, ಹೆಸರು ಹಾಕದೆ ಕೇಳ್ತಿದ್ದೀನಿ, ಕ್ಷಮಿಸಿ. ನನ್ನ ಭಾಮೈದ ನಮ್ಮ ಜೊತೆನೇ ಇರೋದು, ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ಅವನಿಗೆ ಯಾವುದೋ ಗುಂಪಿಂದ "ಸಮಬಲ ಸೂತ್ರ" ಅಂತ ಬಂದಿತ್ತು. ಲೀಗಲ್ಲಿ ಎಲ್ರೂ ಸಮ ಇರೋದ್ರಿಂದ ದಿನಾ ಸೋಲೋ ಸಾಧ್ಯತೆ ಜಾಸ್ತಿ ಇರೋ ಟೀಮ್ ಮೇಲೆ 50 ಡಾಲರ್ ಕಟ್ಟು, ಸೋತ್ರೆ ಮಾರನೇ ದಿನ ಡಬಲ್ ಮಾಡು, ಒಂದಲ್ಲ ಒಂದಿನ ಗೆದ್ದೇ ಗೆಲ್ತೀಯ, ನಷ್ಟ ಅನ್ನೋದೇ ಇಲ್ಲ ಅಂತ. ಮೊದಲ ತಿಂಗಳು ಲಾಭ ಬಂತು, ನಮಗೆಲ್ಲ ಊಟ ಕೊಡ್ಸಿದ. ಆಗಸ್ಟಲ್ಲಿ ಸತತ ಏಳು ದಿನ ಸೋತು 6350 ಡಾಲರ್ ಹೋಯ್ತು. ಸೂತ್ರ ಸರಿನೇ ಇದೆ, ನನ್ನತ್ರ ದುಡ್ಡು ಸಾಕಾಗ್ಲಿಲ್ಲ ಅಷ್ಟೇ, ಮಾರ್ಚಲ್ಲಿ ಸೀಸನ್ ಶುರುವಾದ್ರೆ ವಾಪಸ್ ತರ್ತೀನಿ ಅಂತಾನೆ. ಅವನ ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಸೂತ್ರದಲ್ಲಿ ತಪ್ಪೆಲ್ಲಿದೆ ಅಂತ ನೀವು ಹೇಳಿದ್ರೆ ಕೇಳ್ತಾನೇನೋ.

ಮೇಡಂ: ಮಿಕ್ಕ ಪ್ರಶ್ನೆ ಇರ್ಲಿ, ಮೊದಲು ಇದಕ್ಕೆ ಬರೀತೀನಿ. ನೀವು ಕೇಳಿದ್ದು ಒಳ್ಳೇದಾಯ್ತು, ಕ್ಷಮೆ ಗಿಮೆ ಏನೂ ಬೇಡ.

ಲೆಕ್ಕ ಅವನಿಗೇ ತೋರಿಸಿ. 50, 100, 200, 400, 800, 1600, 3200. ಕೂಡಿಸಿದ್ರೆ 6350, ಅವನು ಕಳ್ಕೊಂಡಿದ್ದು ಸರಿಯಾಗಿ ಇಷ್ಟೇ. ಎಂಟನೇ ದಿನ ಕಟ್ಟಬೇಕಾಗಿದ್ದು 6400, ಅದೂ ಅಷ್ಟರಲ್ಲಿ ಹೋಗಿದ್ದ 6350ನ್ನ ವಾಪಸ್ ತರೋಕೋಸ್ಕರ. ಸೋಲೋ ಕಡೆಯ ಟೀಮ್‌ಗೆ ಗೆಲ್ಲೋ ಸಾಧ್ಯತೆ 42% ಅಂತ ಇಟ್ಕೊಂಡ್ರೆ ಏಳು ಸಲ ಸತತ ಸೋಲೋದು 100ಕ್ಕೆ 2 ಸಲ. ಎರಡೇ ತಾನೇ ಅಂತ ಅವನು ಅಂದಿರ್ತಾನೆ. ಆದ್ರೆ ಸೀಸನ್ನು ಸುಮಾರು 180 ದಿನ, ದಿನಾ ಕಟ್ಟಿದ್ರೆ ಅಂಥ ಏಳರ ಸಾಲು ಒಮ್ಮೆಯಾದ್ರೂ ಬರೋ ಸಾಧ್ಯತೆ 80%. ಹಂಗಾಗಿ ಅವನಿಗೆ ಕೆಟ್ಟ ಕಾಲ ಬಂದಿತ್ತು ಅಂತಲ್ಲ, ಆ ಸೂತ್ರ ಮಾಡೋ ಕೆಲಸನೇ ಅದು. ಮೊದಲ ತಿಂಗಳು ಚಿಲ್ಲರೆ ಕೊಟ್ಟು ನಂಬಿಸುತ್ತೆ, ಆಮೇಲೆ ಒಂದೇ ವಾರದಲ್ಲಿ ಎಲ್ಲಾ ತಗೊಳ್ಳುತ್ತೆ. ದುಡ್ಡು ಜಾಸ್ತಿ ಇದ್ದಿದ್ರೆ ಕಳ್ಕೊಳ್ಳೋದೂ ಜಾಸ್ತಿ ಆಗ್ತಿತ್ತು.

ಸಮಬಲದ ಮಾತು ಅದಕ್ಕಿಂತ ದೊಡ್ಡ ಮೋಸ. ನಾನು ಇಲ್ಲಿ ಬೆಳಗಿಂದ ಹೇಳ್ತಿರೋದು ಏನು? ಟೀಮುಗಳು ಹತ್ತಿರ ಹತ್ತಿರ ಇದ್ದಷ್ಟೂ ಮುಂಚೆನೇ ಹೇಳೋಕಾಗಲ್ಲ ಅಂತ. ಅದನ್ನೇ ತಿರುಚಿ ಹಂಗಾದ್ರೆ ಗೆಲ್ಲೋದು ಖಚಿತ ಅಂತ ಬರೆದು ಹಂಚಿದ್ದಾರೆ. ಯಾವ ಟೀಮ್‌ಗೆ ಎಷ್ಟು ಸಾಧ್ಯತೆ ಅಂತ ಬೆಟ್ಟಿಂಗ್ ಕಂಪನಿಯೋರಿಗೆ ನಮ್ಮೆಲ್ರಿಗಿಂತ ಚೆನ್ನಾಗಿ ಗೊತ್ತಿರುತ್ತೆ, ಅದರ ಮೇಲೆ ತಮ್ಮ ಪಾಲು ಇಟ್ಕೊಂಡೇ ಅವರು ರೇಟ್ ಹಾಕೋದು.

ಇನ್ನು ಲೆಕ್ಕಕ್ಕೆ ಹೊರಗಿನ ಮಾತು. ನಾನು ವೈದ್ಯೆ ಅಲ್ಲ, ಆದ್ರೆ "ಮಾರ್ಚಲ್ಲಿ ವಾಪಸ್ ತರ್ತೀನಿ" ಅನ್ನೋ ಮಾತು ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿದ್ದೀನಿ, ಸೋತ 6350ಕ್ಕಿಂತ ನನಗೆ ಹೆದರಿಕೆ ಆಗಿರೋದು ಅದಕ್ಕೆ. ಬೆಟ್ಟಿಂಗ್ ಕಾನೂನುಬದ್ಧ ಇರೋ ಹೆಚ್ಚಿನ ರಾಜ್ಯಗಳಲ್ಲಿ ನನ್ನನ್ನ ಆಡಿಸ್ಬೇಡಿ ಅಂತ ಸ್ವತಃ ಹೆಸರು ಬರೆಸೋ ಪಟ್ಟಿ ಇರುತ್ತೆ, ಬರೆಸಿದ್ರೆ ಆ ರಾಜ್ಯದ ಆ್ಯಪ್‌ಗಳೆಲ್ಲ ಖಾತೆ ಮುಚ್ತಾವೆ. ಅದನ್ನ ಈಗ್ಲೇ ಮಾಡ್ಸಿ, ಮಾರ್ಚ್ ತನಕ ಕಾಯ್ಬೇಡಿ. ಸಾಲ ಇದ್ರೆ ದುಡ್ಡು ಅವನ ಕೈಗೆ ಕೊಡ್ಬೇಡಿ, ನೇರ ಸಾಲಕ್ಕೆ ಕಟ್ಟಿ. ಜೂಜಿನ ಚಟಕ್ಕೇ ಅಂತ ಕೌನ್ಸೆಲರ್‌ಗಳಿದ್ದಾರೆ, ಭೇಟಿ ಮಾಡ್ಸಿ. ಅಕ್ಕನಿಗೆ ಹೇಳಿ. ಮನೇಲಿ ಒಬ್ರೇ ಹೊತ್ಕೊಳ್ಳೋ ವಿಷಯ ಅಲ್ಲ ಇದು.

ಲಕ್ಕಿ ಲಕ್ಕಿ: ಮೇಡಂ ಡಬಲ್ ಮಾಡೋದು ಹಳೇ ಮೆಥಡ್. ಈಗ ಎಐ ಪ್ರಿಡಿಕ್ಷನ್ ಚಾನೆಲ್ ಇದೆ, 87% ಆಕ್ಯುರೇಟ್, ಲಿಂಕ್ ಹಾಕ್ಲಾ?

ಮೇಡಂ: ಹಾಕ್ಬೇಡಿ. ಬೇಸ್‌ಬಾಲಲ್ಲಿ 87% ಸರಿ ಹೇಳೋ ಯಂತ್ರ ಇಲ್ಲ, ಇಡೀ ವರ್ಷದ ಬೆಸ್ಟ್ ಟೀಮ್ ಗೆದ್ದಿದ್ದೇ 60%. ಒಂದು ಮನೆ ಕಥೆ ಈಗ ತಾನೇ ಓದಿ ಅದರ ಕೆಳಗೇ ಲಿಂಕ್ ಹಾಕ್ಲಾ ಅಂತ ಕೇಳ್ತೀರಲ್ಲ.

ಲಕ್ಕಿ ಲಕ್ಕಿ: ಇಷ್ಟು ಕೋಪ ಯಾಕೆ, ಸುಮ್ನೆ ಮಾಹಿತಿ ಹಂಚ್ಕೊಂಡೆ. ಎಲ್ರೂ ದೊಡ್ಡೋರೇ ಇಲ್ಲಿ, ಅವರವರ ದುಡ್ಡು.

ಮಿಲ್ವಾಕಿ ಮಾವ: ರೀ, ಬಾಯಿ ಮುಚ್ಕೊಂಡು ಇರ್ರಿ ಸ್ವಲ್ಪ.

ಲಕ್ಕಿ ಲಕ್ಕಿ: ನೀವ್ಯಾರು ಹೇಳೋಕೆ?

ಅಡ್ಮಿನ್: ಲಕ್ಕಿ ಅವರನ್ನ ತೆಗೆದಿದ್ದೀನಿ. ಇನ್ಯಾರಾದ್ರೂ ಬೆಟ್ಟಿಂಗ್ ಲಿಂಕ್ ಹಾಕಿದ್ರೆ ಇದೇ ಗತಿ.

ಮತ್ತೊಬ್ಬ ಸದಸ್ಯ: ಮೇಡಂ ಸ್ಯಾಲರಿ ಕ್ಯಾಪ್ ಬಗ್ಗೆ ನಿಮ್ಮ ಅಭಿಪ್ರಾಯ?

ಕ್ಲೀವ್‌ಲ್ಯಾಂಡ್‌ನವ್ನು: ಅಯ್ಯೋ ಮೇಲೆ ಓದ್ರಪ್ಪಾ.

ಶಿವಮೊಗ್ಗ ಟು ಸಿಯಾಟಲ್: ನನ್ನ ಪ್ರಶ್ನೆ ಮರ್ತ್ರಾ ಮೇಡಂ? ಜಪಾನ್?

ಹೆಸರು ಬೇಡ: ಮೇಡಂ, ನಿಮ್ಮ ಉತ್ತರ ಅವನಿಗೆ ಓದಿಸ್ದೆ. 6350 ಕೂಡಿಸಿದ್ದು ನೋಡಿ ಸುಮ್ನಾದ, ತುಂಬ ಹೊತ್ತು ಮಾತಾಡ್ಲಿಲ್ಲ. ಪಟ್ಟಿಗೆ ಹೆಸರು ಬರೆಸೋಕೆ ಒಪ್ಪಿದ್ದಾನೆ, ಫಾರ್ಮ್ ಓಪನ್ ಮಾಡಿ ಕೂತಿದ್ದೀವಿ. ಇವಳಿಗೆ ರಾತ್ರಿ ಹೇಳ್ತೀವಿ, ಇಬ್ರೂ ಕೂತು.

ಮೇಡಂ: ಒಳ್ಳೇದು. ಎಷ್ಟು ವರ್ಷಕ್ಕೆ ಅಂತ ಕೇಳಿದ್ರೆ ಜಾಸ್ತಿ ಇರೋದನ್ನೇ ಆರಿಸಿ. ಆ 6350 ಅವನ ಉಳಿತಾಯದ್ದಾ ಅಥವಾ ಕಾರ್ಡಲ್ಲಿ ತೆಗೆದಿದ್ದಾ? ಸ್ಟೇಟ್‌ಮೆಂಟ್ ನೋಡಿದ್ರಾ?

ಹೆಸರು ಬೇಡ: ಇಲ್ಲ ಮೇಡಂ, ಕೇಳೋಕೆ ಹೊಳೀಲೇ ಇಲ್ಲ. ಈಗ ಕೇಳ್ತೀನಿ.